ಖಾಲಿ ಗಾಡಿ, ನಡೆಯುವ ಅತ್ತೆ

ಮೂವತ್ತು ವರ್ಷದಿಂದ ಸ್ಟೀರಿಂಗ್ ಹಿಡಿದಿದ್ದೇನೆ. ಈ ಕೆಲಸದಲ್ಲಿ ಬೈಗುಳ ಸಂಬಳದ ಜೊತೆಗೇ ಬರುತ್ತದೆ. ಬೇಗ ಹೋದರೆ ಬೈತಾರೆ, ನಿಧಾನ ಹೋದರೆ ಬೈತಾರೆ, ನಿಲ್ಲಿಸಿದರೆ ಇಳಿದು ಬಂದು ಎದುರು ನಿಂತು ಬೈತಾರೆ. ಆದರೆ ಬೇರೆ ಯಾರೋ ನಡೆದುಕೊಂಡು ಹೋದದ್ದಕ್ಕೆ ನಾನು ಮೂರು ದಿನ ಊರೂರಲ್ಲಿ ಉಗಿಸಿಕೊಂಡೆನಲ್ಲ, ಅದರ ಕತೆ ಹೇಳಲೇಬೇಕು.

ಗುಂಡ್ಲುಪೇಟೆಯ ಒಂದು ಟ್ರಸ್ಟಿನ ವ್ಯಾನ್ ನನ್ನದು. ಕಿಡ್ನಿ ಕೆಟ್ಟವರನ್ನು ಹಳ್ಳಿಗಳಿಂದ ಹತ್ತಿಸಿಕೊಂಡು ವಾರಕ್ಕೆ ಮೂರು ದಿನ ಮೈಸೂರಿಗೆ ಡಯಾಲಿಸಿಸ್‌ಗೆ ಕರೆದೊಯ್ಯುವುದು, ಸಂಜೆ ವಾಪಸ್ ತರುವುದು. ವ್ಯಾನಿಗೆ ವಯಸ್ಸಾಗಿದೆ. ದಾರಿಯಲ್ಲಿ ಒಂದು ಸಲವಾದರೂ ನಿಲ್ಲುತ್ತದೆ, ನಿಂತರೆ ತಳ್ಳಬೇಕು. ತಳ್ಳುವವರು ಯಾರು? ಒಳಗೆ ಕೂತ ರೋಗಿಗಳೇ. ರಕ್ತ ತೊಳೆಸಿಕೊಂಡು ಸುಸ್ತಾಗಿ ಬಂದವರು ಬಿಸಿಲಲ್ಲಿ ಇಳಿದು ಗಾಡಿಗೆ ಹೆಗಲು ಕೊಡುವುದನ್ನು ಕನ್ನಡಿಯಲ್ಲಿ ನೋಡುವಾಗ ನನಗೆ ನಾಚಿಕೆಯಿಂದ ಸಾಯುವಂತಾಗುತ್ತದೆ.

ಹೀಗಿರುವಾಗ ಟಿವಿ ಸೀರಿಯಲ್‌ನಲ್ಲಿ ಕೆಟ್ಟ ಅತ್ತೆಯ ಪಾತ್ರ ಮಾಡುವ ಮೇಡಂ ಒಬ್ಬರು ನಮಗಾಗಿ ನಡೆಯಲು ಒಪ್ಪಿಕೊಂಡರು. ಒಂದು ಕಂಪನಿಯವರು ಹೊಸ ವ್ಯಾನ್ ಕೊಡುತ್ತಾರಂತೆ. ಅದಕ್ಕೆ ಮೇಡಂ ಕುದೇರಿನಿಂದ ಹೊರಟು, ಚಾಮರಾಜನಗರ, ಹರವೆ ಅಂತ ನಮ್ಮ ರೋಗಿಗಳ ಊರುಗಳನ್ನು ಮುಟ್ಟಿಕೊಂಡು, ಮೂರನೇ ದಿನ ಸಂಜೆ ಐದರೊಳಗೆ ಗುಂಡ್ಲುಪೇಟೆಯ ನಮ್ಮ ಟ್ರಸ್ಟಿನ ಗೇಟು ದಾಟಬೇಕು. ಯಾವ ವಾಹನವನ್ನೂ ಹತ್ತಬಾರದು. ಹಿಂದೆ ಒಂದು ವ್ಯಾನ್ ಔಷಧಿ ಇಟ್ಟುಕೊಂಡು ಬರಬೇಕು, ಮೇಡಂ ಮತ್ತು ವ್ಯಾನ್ ಒಟ್ಟಿಗೇ ಗೇಟು ದಾಟಬೇಕು. ನಿಯಮದ ಕಾಗದ ಹಿಡಿದು ನನ್ನ ಪಕ್ಕದಲ್ಲಿ ಕಂಪನಿಯ ಒಬ್ಬ ಆಫೀಸರ್ ಕೂತರು. ಆ ಮೂರು ದಿನ ರೋಗಿಗಳಿಗೆ ಬೇರೆ ಗಾಡಿ ಗೊತ್ತು ಮಾಡಿದ್ದರು. ಹಿಂದೆ ಬರುವ ವ್ಯಾನ್ ಯಾವುದು ಅಂದರೆ, ಇದೇ ನನ್ನ ವ್ಯಾನ್.

ಒಂದು: ಬಾಡಿಗೆ

ಕುದೇರು ಬಿಟ್ಟು ಒಂದು ಮೈಲಿಯೂ ಆಗಿರಲಿಲ್ಲ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಯಜಮಾನರೊಬ್ಬರು ನಮ್ಮನ್ನು ನೋಡಿದರು. ಮುಂದೆ ಬೆವರು ಸುರಿಸಿಕೊಂಡು ನಡೆಯುವ ಐವತ್ತು ದಾಟಿದ ಹೆಂಗಸು, ಹಿಂದೆ ಫಸ್ಟ್ ಗೇರಿನಲ್ಲಿ ತೆವಳುವ ಖಾಲಿ ಗಾಡಿ. ಎಮ್ಮೆಯನ್ನು ಅದರ ಪಾಡಿಗೆ ಬಿಟ್ಟು ಅವರು ವ್ಯಾನಿಗೆ ಅಡ್ಡ ನಿಂತರು.

"ಏನ್ಲಾ, ಕಣ್ಣು ಕಾಣಕಿಲ್ವ ನಿಂಗೆ? ಅಷ್ಟಗಲ ಗಾಡಿ ಖಾಲಿ ಮಡಿಕಂಡು ಹೆಂಗ್ಸುನ್ನ ಬಿಸುಲಲ್ಲಿ ನಡುಸ್ತಾ ಇದ್ದೀಯಲ್ಲ, ಅಕ್ಕತಂಗೇರ ಜೊತೇಲಿ ಹುಟ್ಟಿಲ್ವ ನೀನು?"

"ಅವರು ಹತ್ತಂಗಿಲ್ಲ ಯಜಮಾನ್ರೆ."

"ಯಾಕ್ ಹತ್ತಂಗಿಲ್ಲ?"

"ಹತ್ತುದ್ರೆ ಗಾಡಿ ಸಿಕ್ಕಲ್ಲ."

"ಗಾಡಿ ಇಲ್ಲೇ ಅದಲ್ಲೋ!"

"ಇದಲ್ಲ, ಹೊಸ ಗಾಡಿ."

ಯಜಮಾನರು ವ್ಯಾನನ್ನು ಒಂದು ಸಲ ನೋಡಿದರು, ನನ್ನನ್ನು ಎರಡು ಸಲ ನೋಡಿದರು. ಏನೋ ಅರ್ಥವಾದವರಂತೆ ತಲೆ ಆಡಿಸಿ ದಾಪುಗಾಲು ಹಾಕಿ ಮೇಡಂ ಹತ್ತಿರ ಹೋದರು. ದನಿ ತಗ್ಗಿಸಿ ಕೇಳಿದರು, "ಎಷ್ಟು ಕೇಳ್ದ ಕಣವ್ವ ಬಾಡ್ಗೆಯ? ನನ್ ಮಗಂದು ಆಟೊ ಅದೆ, ಅರ್ಧಕ್ಕೇ ಬತ್ತನೆ."

ಎರಡು: ಬೆಟ್ಟ ಆ ಕಡೆ

ನಮ್ಮ ಕಡೆ ಜನ ದೂರ ನಡೆಯುವುದು ಒಂದೇ ಕಾರಣಕ್ಕೆ. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತು. ಅಂಥವರನ್ನು ಕಂಡರೆ ಕಾಲಿಗೆ ನೀರು ಹುಯ್ಯುತ್ತಾರೆ, ಮಜ್ಜಿಗೆ ಕೊಡುತ್ತಾರೆ, ನೆರಳಲ್ಲಿ ಕೂರಿಸುತ್ತಾರೆ. ಎರಡನೇ ದಿನ ಚಾಮರಾಜನಗರ ದಾಟಿ ಹರವೆ ಕಡೆ ಹೋಗುವಾಗ ಒಂದು ಊರಿನ ಹೆಂಗಸರು ಕೊಡ, ಚೊಂಬು ಹಿಡಿದು ಸಾಲಾಗಿ ಬಂದರು. ಶೂ ಬಿಚ್ಚಿಸಿ ಮೇಡಂ ಕಾಲಿಗೆ ತಣ್ಣೀರು ಹುಯ್ದರು. ಬೊಬ್ಬೆ ಎದ್ದ ಕಾಲು, ಅವರಿಗೆ ಹೋದ ಜೀವ ಬಂದಂತಾಯಿತು. ಜೊತೆಗೆ ಎರಡು ಲೋಟ ಮಜ್ಜಿಗೆ. ಕಣ್ಣು ಮುಚ್ಚಿ ಕುಡಿದರು.

ಆಮೇಲೆ ಆ ಹೆಂಗಸರಲ್ಲಿ ಹಿರಿಯಳೊಬ್ಬಳು ಮೇಡಂ ಭುಜ ಹಿಡಿದು ಮೆಲ್ಲಗೆ ತಿರುಗಿಸಿದಳು.

"ದಾರಿ ತಪ್ಪಿದ್ದೀಯ ಕಣವ್ವ. ಬೆಟ್ಟ ಆ ಕಡೆ."

"ನಾನು ಬೆಟ್ಟಕ್ಕೆ ಹೋಗ್ತಿಲ್ಲಮ್ಮ, ಗುಂಡ್ಲುಪೇಟೆಗೆ."

"ಗುಂಡ್ಲುಪೇಟೆಗೆ ಯಾರಾದ್ರೂ ನಡ್ಕಂಡು ಓದಾರ? ಬಸ್ಸದೆ! ಬಾ, ನಾವ್ ದಾರಿ ತೋರುಸ್ತೀವಿ."

ಇಬ್ಬರು ಎಡಕ್ಕೆ, ಇಬ್ಬರು ಬಲಕ್ಕೆ. ಕಾಲಿಗೆ ನೀರು ಹುಯ್ದವರ ಕೈ ಕೊಡವಿಕೊಂಡು ಬರಲು ಮೇಡಂಗೆ ಮನಸ್ಸು ಬರಲಿಲ್ಲ. ಬಂದ ದಾರಿಯಲ್ಲೇ ಊರ ಬಾಗಿಲ ತನಕ ವಾಪಸ್ ನಡೆದರು. ನಾನು ಹಾರ್ನ್ ಒತ್ತಿ, ಗಾಡಿ ಬಿಟ್ಟು ಓಡಿ, ಬಾಯಿ ಒಣಗುವ ತನಕ ಕಿಡ್ನಿ, ಡಯಾಲಿಸಿಸ್, ಕಂಪನಿ ಎಲ್ಲ ಬಿಡಿಸಿ ಹೇಳಿದೆ. ಬೆಟ್ಟಕ್ಕಲ್ಲ ಅನ್ನುವುದನ್ನು ಮಾತ್ರ ಅವರು ಒಪ್ಪಲೇ ಇಲ್ಲ. ಕೊನೆಗೆ ಜಗಲಿ ಮೇಲೆ ಕೂತಿದ್ದ ಮುದುಕಪ್ಪ ತೀರ್ಪು ಕೊಟ್ಟ.

"ಬುಡ್ರವ್ವ ಅತ್ಲಾಗೆ. ಭೂಮಿ ಗುಂಡಗದೆ ಅಂತಾರಲ್ಲ, ಗುಂಡ್ಲುಪೇಟೆ ಕಡೆಯಿಂದ ಸುತ್ಕಂಡು ಓದ್ರೂ ಬೆಟ್ಟನೇ ಸಿಕ್ತದೆ."

ಮೂರು: ಕಾಲು ಬೇರೆ, ಮೊಕ ಬೇರೆ

ಹರವೆಯ ಅಜ್ಜಿ ನನ್ನ ವ್ಯಾನಿನ ಕಾಯಂ ರೋಗಿ. ಮುಂದಿನ ಸೀಟು ಅದರದ್ದೇ. ಗಾಡಿ ನಿಂತರೆ ಮೊದಲು ಇಳಿಯುವುದೂ ಅದೇ, ನನಗೆ ಮೊದಲು ಬೈಯುವುದೂ ಅದೇ. ಸಂಜೆ ಮೇಡಂ ಕುಂಟುತ್ತಾ ಹರವೆಗೆ ಬಂದಾಗ ಅಜ್ಜಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಕಾಯುತ್ತಿತ್ತು. ಸ್ವಾಗತಕ್ಕೆ ಅಂದುಕೊಂಡೆ.

"ಬಂದ್ಯ? ಬಾ. ಆ ಸೊಸೆ ಕುಡ್ಯೋ ಹಾಲ್ಗೆ ಏನ್ ಹಾಕ್ದೆ ನೀನು, ಮೊದ್ಲು ಅದ ಹೇಳು."

ಮೇಡಂ ಕೈ ಮುಗಿದರು. "ಅಜ್ಜಿ, ಅದು ಸೀರಿಯಲ್ಲು. ಬರೆದು ಕೊಟ್ಟಿದ್ದನ್ನ ಮಾಡ್ತೀನಿ."

"ಬರ್ಕೊಟ್ರೆ ಹಾಕ್ಬುಡದ? ಬಾಣಂತಿ ಕಣಮ್ಮಿ ಅವ್ಳು!"

ಊರೆಲ್ಲ ಸೇರಿತು. ಅಲ್ಲೊಬ್ಬಳು ಇಲ್ಲೊಬ್ಬಳು ಹೇಳುತ್ತಿದ್ದರು, ಮಾಡಿದ ಪಾಪ ಸುಮ್ಮನೆ ಬಿಡಲ್ಲ, ಅದಕ್ಕೇ ಹಿಂಗೆ ನಡೀತಾವ್ಳೆ ಅಂತ. ಕಂಪನಿ ಆಫೀಸರ್ ಕಾಗದ ತೆಗೆದು, ಇದು ಸಮಾಜ ಸೇವೆ ಅಂತ ಓದಲು ಹೋದರು. "ನೀ ಸುಮ್ನಿರಪ್ಪ, ಗಾಡೀಲಿ ಕುತ್ಕಂಡು ಬಂದವ್ನೆ" ಅಂತ ಅಜ್ಜಿ ಅವರ ಬಾಯಿ ಮುಚ್ಚಿಸಿತು.

ಅಷ್ಟರಲ್ಲಿ ಮೇಡಂ ಜಗಲಿ ಮೇಲೆ ಕೂತು ಶೂ ಬಿಚ್ಚಿದರು. ಹಿಮ್ಮಡಿ ಸುಲಿದು ಕೆಂಪಾಗಿತ್ತು. ಅಜ್ಜಿ ಮಾತು ನಿಲ್ಲಿಸಿ ಒಳಗೆ ಹೋಯಿತು. ಹರಳೆಣ್ಣೆಗೆ ಅರಿಶಿನ ಕಲಸಿ ತಂದು, ಆ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಹಚ್ಚತೊಡಗಿತು. ಒಂದು ಕೈಯಲ್ಲಿ ಎಣ್ಣೆ, ಬಾಯಲ್ಲಿ ಬೈಗುಳ. ಅಕ್ಕಪಕ್ಕದವರು ಇದೇನಜ್ಜಿ ಅಂದದ್ದಕ್ಕೆ ಹೇಳಿತು, "ಏನ್ ಮಾಡನ? ಕಾಲ್ ನೋಡುದ್ರೆ ಅಯ್ಯೋ ಅನ್ಸ್ತದೆ, ಮೊಕ ನೋಡುದ್ರೆ ಒದಿಬೇಕು ಅನ್ಸ್ತದೆ."

ಮಲಗುವ ಮುಂಚೆ ಮೇಡಂ ನನ್ನನ್ನು ಕೇಳಿದರು. "ಅಣ್ಣ, ಈ ಅಜ್ಜಿ ನಿಜವಾಗ್ಲೂ ಗಾಡಿ ತಳ್ತಾರಾ?"

"ತಳ್ತದೆ ಮೇಡಂ. ಡಯಾಲಿಸಿಸ್ ಮುಗಿಸ್ಕೊಂಡು ಬರೋವಾಗ್ಲೂ ತಳ್ತದೆ."

ಬೆಳಿಗ್ಗೆ ನಾನು ಎದ್ದು ಮುಖ ತೊಳೆಯುವಷ್ಟರಲ್ಲಿ ಮೇಡಂ ಶೂ ಕಟ್ಟಿಕೊಂಡು ರಸ್ತೆಯಲ್ಲಿದ್ದರು.

ನಾಲ್ಕು: ಹತ್ತು ಹೆಜ್ಜೆ

ಮೂರನೇ ದಿನ ಅಜ್ಜಿಯೂ ವ್ಯಾನ್ ಹತ್ತಿತು. ಆಫೀಸರ್ ಬೇಡ ಅಂದರು. "ನನ್ ಸೀಟ್ ಕಣ್ಲಾ ಅದು, ನೀನ್ ಹಿಂದಕ್ಕೋಗು" ಅಂದಿತು. ಹೋದರು.

ಮಧ್ಯಾಹ್ನದ ಬಿಸಿಲು. ರಸ್ತೆ ಪಕ್ಕ ಮರದ ನೆರಳಲ್ಲಿ ಒಂದು ಟ್ರ್ಯಾಕ್ಟರ್ ನಿಂತಿತ್ತು. ಹಿಮ್ಮಡಿಗೆ ಕಟ್ಟಿದ್ದ ಬ್ಯಾಂಡೇಜು ಬಿಚ್ಚಿಹೋಗಿದೆ ಅಂತ ಮೇಡಂ ಅದರ ಟ್ರೇಲರಿನ ತುದಿಯಲ್ಲಿ ಕೂತರು. ಟ್ರ್ಯಾಕ್ಟರಿನವನು ಹಿಂತಿರುಗಿ ನೋಡಿದ. ಪಾಪ, ಕಾಲು ನೊಂದ ಹೆಂಗಸು, ಕೇಳಲು ಸಂಕೋಚ ಅಂದುಕೊಂಡನೋ ಏನೋ, ಮಾತಿಲ್ಲದೆ ಗಾಡಿ ಎಬ್ಬಿಸಿ ಹೊರಟೇಬಿಟ್ಟ.

ನಾನು ಹಾರ್ನ್ ಒತ್ತಿದೆ, ಅಜ್ಜಿ ಕಿರುಚಿತು, ಆಫೀಸರ್ ಕಿಟಕಿಯಿಂದ ಅರ್ಧ ಹೊರಗೆ ಬಂದು ಕಾಗದ ಬೀಸಿದರು. ಮೇಡಂ ಹಾರಿದರು. ಅಷ್ಟರಲ್ಲಿ ಟ್ರ್ಯಾಕ್ಟರ್ ಹತ್ತು ಹೆಜ್ಜೆ ಮುಂದೆ ಹೋಗಿತ್ತು.

"ಮೇಡಂ, ವಾಹನ ಹತ್ತಿದ ಹಾಗಾಯ್ತಲ್ಲ" ಅಂದರು ಆಫೀಸರ್, ಅವರಿಗೂ ಬೇಜಾರು. ಮೂರು ದಿನದ ನಡಿಗೆ ಹತ್ತು ಹೆಜ್ಜೆಗೆ ಹೋಯಿತಲ್ಲ ಅಂದುಕೊಂಡೆ. ಮೇಡಂ ಮಾತ್ರ ಸೊಂಟಕ್ಕೆ ದುಪಟ್ಟಾ ಬಿಗಿದುಕೊಂಡರು. "ಹತ್ತಿಲ್ಲ ಸರ್, ಕೂತಿದ್ದೆ. ನಿಂತ ಜಾಗಕ್ಕೇ ವಾಪಸ್ ಹೋಗಿ ಅಲ್ಲಿಂದ ನಡೀತೀನಿ. ಆ ಹತ್ತು ಹೆಜ್ಜೆನೂ ನಂದೇ ಇರಲಿ."

ಆಫೀಸರ್ ಕಾಗದ ನೋಡಿದರು, ಅಜ್ಜಿಯ ಮುಖ ನೋಡಿದರು, ಆಗಬಹುದು ಅಂದರು. ವಿಷಯ ತಿಳಿದ ಟ್ರ್ಯಾಕ್ಟರಿನವನು ಕೆನ್ನೆ ಕೆನ್ನೆ ಬಡಿದುಕೊಂಡ. ಮೇಡಂ ಕುಂಟುತ್ತಾ ಹಿಂದಕ್ಕೆ ಹೊರಟದ್ದು ನೋಡಿ ಅವನಿಗೆ ತಡೆಯಲಾಗಲಿಲ್ಲ. ಓಡಿ ಸೀಟು ಹತ್ತಿ ಕೂಗಿದ.

"ತಡೀರವ್ವ, ನಂದೇ ತಪ್ಪು! ಕುತ್ಕಳಿ, ರಿವರ್ಸಲ್ಲಿ ಬುಟ್ಬುಡ್ತೀನಿ!"

ಐದು: ಗೇಟು

ನಾಲ್ಕೂವರೆಗೆ ಗುಂಡ್ಲುಪೇಟೆ ಕಾಣಿಸಿತು. ಮೇಡಂ ಈಗ ನಡೆಯುತ್ತಿರಲಿಲ್ಲ, ಒಂದೊಂದು ಕಾಲನ್ನೂ ಹಲ್ಲು ಕಚ್ಚಿ ಎತ್ತಿ ಇಡುತ್ತಿದ್ದರು. ಕೇರಳಕ್ಕೆ ತರಕಾರಿ ಹೊತ್ತ ಲಾರಿಯವರು ನಿಧಾನ ಮಾಡಿ "ಚೇಚಿ, ಚೇಚಿ" ಅಂತ, ಅಕ್ಕಾ ಹತ್ತು ಅನ್ನುವ ಹಾಗೆ ಕರೆದರು. ಮೇಡಂ ತಿರುಗಿಯೂ ನೋಡಲಿಲ್ಲ. ಗೇಟಿಗೆ ಇನ್ನು ಒಂದು ಫರ್ಲಾಂಗು. ಅಲ್ಲಿ ನಮ್ಮ ರೋಗಿಗಳು, ಅವರ ಮನೆಯವರು, ಪೇಟೆ ಜನ ಎಲ್ಲ ನಿಂತದ್ದು ಕಾಣುತ್ತಿತ್ತು.

ಮೂರು ದಿನ ಫಸ್ಟ್ ಗೇರಿನಲ್ಲಿ ತೆವಳಿ ತೆವಳಿ ಬಿಸಿಯಾಗಿದ್ದ ನನ್ನ ವ್ಯಾನ್ ಆಗ ಒಂದು ಸಲ ಕೆಮ್ಮಿತು. ಎರಡನೇ ಸಲ ಕೆಮ್ಮಿ ನಿಂತಿತು.

ಕೀ ತಿರುಗಿಸಿದೆ, ಬೈದೆ, ಬೇಡಿಕೊಂಡೆ, ಅಲುಗಲಿಲ್ಲ. ಆಫೀಸರ್ ಬೆವರು ಒರೆಸಿಕೊಂಡು ಓದಿದರು. "ಮೇಡಂ ಮತ್ತು ವ್ಯಾನ್ ಒಟ್ಟಿಗೇ ಗೇಟು ದಾಟಬೇಕು ಅಂತಿದೆ." ಗಂಟೆ ಐದಕ್ಕೆ ಹತ್ತು ನಿಮಿಷ ಇತ್ತು.

ಅಜ್ಜಿ ಅಭ್ಯಾಸಬಲದಿಂದ ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟಿತು. "ನಾನ್ ತಳ್ದೆ ಇದು ಯಾವತ್ತು ಓಗಿತ್ತು?"

ಮೇಡಂ ವಾಪಸ್ ಬಂದು ಆ ಕಾಲನ್ನು ಹಿಡಿದು ಮೆಲ್ಲಗೆ ಒಳಗಿಟ್ಟರು. "ಇವತ್ತು ನೀವು ಕೂತ್ಕೊಳಿ ಅಜ್ಜಿ." ಬಾಗಿಲು ಹಾಕಿ ಹಿಂದಕ್ಕೆ ಹೋದರು. ಆಫೀಸರನ್ನು ಕೇಳಿದರು, "ಹತ್ತಬಾರದು ಅಂತಿದೆ. ತಳ್ಳಬಾರದು ಅಂತ ಇದೆಯಾ?"

ಆಫೀಸರ್ ಕಾಗದವನ್ನು ಮೇಲಿಂದ ಕೆಳಗೆ ನೋಡಿದರು. ಮಡಿಸಿ ಜೇಬಿಗಿಟ್ಟರು. ಶರಟಿನ ತೋಳು ಮಡಿಸಿ ತಾವೂ ಹಿಂದಕ್ಕೆ ಹೋದರು.

ಕನ್ನಡಿಯಲ್ಲಿ ನೋಡಿದೆ. ಇಷ್ಟು ವರ್ಷ ಅದರಲ್ಲಿ ನಾನು ಕಂಡದ್ದು ಸೋತ ನಮ್ಮ ರೋಗಿಗಳನ್ನು. ಈಗ ಅದೇ ಜಾಗದಲ್ಲಿ, ಊರೂರೇ ಶಾಪ ಹಾಕುವ ಅತ್ತೆ, ಸುಲಿದ ಕಾಲನ್ನು ನೆಲಕ್ಕೆ ಒತ್ತಿ ನೂಕುತ್ತಿದ್ದಳು. ಗಾಡಿ ಅಲುಗಿತು. ನನ್ನ ಕಣ್ಣು ಮಂಜಾಯಿತು, ಸ್ಟೀರಿಂಗ್ ಮಾತ್ರ ನೇರ ಹಿಡಿದೆ. ಗೇಟಿನಲ್ಲಿದ್ದವರು ಸಹಾಯಕ್ಕೆ ಓಡಿ ಬಂದರೆ ಮೇಡಂ ತಲೆ ಎತ್ತದೆ ಅಂದರು, "ಯಾರೂ ಮುಟ್ಟಬೇಡಿ, ರೋಗಿಗಳಂತೂ ಬೇಡವೇ ಬೇಡ!" ಅವರೆಲ್ಲ ಪಕ್ಕಕ್ಕೆ ಸರಿದು ಚಪ್ಪಾಳೆ ಹೊಡೆಯುತ್ತಾ ಜೊತೆಗೇ ನಡೆದರು. ಐದು ಗಂಟೆಗೆ ಇನ್ನೂ ಎರಡು ನಿಮಿಷ ಇರುವಾಗ ಗೇಟು ದಾಟಿದೆವು.

ಮೇಡಂ ಅಲ್ಲೇ ನೆಲದ ಮೇಲೆ ಕೂತು ನಗುತ್ತಾ ಅಳುತ್ತಿದ್ದರು. ಆಫೀಸರ್ ಏದುಸಿರು ಬಿಡುತ್ತಾ, ಗಾಡಿ ನಿಮ್ಮದೇ ಅಂತ ಎಲ್ಲರ ಮುಂದೆ ಹೇಳಿಬಿಟ್ಟರು. ಆಮೇಲೆ ಮೊಬೈಲ್ ಕ್ಯಾಮೆರಾ ಹಿಡಿದು, ಕಂಪನಿಯವರಿಗೆ ಎರಡು ಮಾತು ಹೇಳಿ ಅಂತ ಅಜ್ಜಿಯನ್ನು ಕೇಳಿದರು.

ಅಜ್ಜಿ ಇಳಿದು ಬಂದು ಸೆರಗು ಸರಿ ಮಾಡಿಕೊಂಡಿತು. ಮೇಡಂ ತಲೆ ಮೇಲೆ ಕೈ ಇಟ್ಟಿತು. "ಇವ್ಳು ಸೊಸೆಗೆ ಏನಾರ ಮಾಡ್ಕಳ್ಲಿ, ನನ್ನ ಕೂರುಸ್ಕಂಡು ತಳ್ಕಂಡ್ ಬಂದವ್ಳೆ. ನಂಗೆ ಸಾಕು." ಜನ ಹೋ ಅಂದರು. ನಾನೂ ಹತ್ತಿರ ಹೋಗಿ ನಗುತ್ತಾ ನಿಂತೆ, ನನ್ನ ಬಗ್ಗೆಯೂ ಒಂದು ಒಳ್ಳೆ ಮಾತು ಬರಬಹುದು ಅಂತ.

ಅಜ್ಜಿ ನನ್ನ ಕಡೆ ಬೆರಳು ತೋರಿಸಿತು.

"ಇವ್ನು ಮೂರ್ ದಿನ ಖಾಲಿ ಗಾಡಿ ಮಡಿಕಂಡು ಆ ಹೆಣ್ಮಗ್ಳ ನಡುಸ್ದ. ಕೊನೇಗೆ ತಾನ್ ಕುತ್ಕಂಡು ಅವ್ಳ ಕೈಲಿ ಗಾಡಿನೂ ತಳ್ಳುಸ್ದ. ಹೊಸ ಗಾಡಿ ಕೊಡ್ತೀರಲ್ಲ ಸಾಮಿ, ಡ್ರೈವರ್‌ನೂ ಹೊಸಬನ್ನೇ ಕೊಟ್ಬುಡಿ!"

ಹೊಸ ವ್ಯಾನ್ ಬಂತು. ಒಂದು ದಿನವೂ ದಾರಿಯಲ್ಲಿ ನಿಂತಿಲ್ಲ. ಡ್ರೈವರ್ ನಾನೇ, ಆದರೆ ಅಜ್ಜಿ ಇನ್ನೂ ಒಪ್ಪಿಲ್ಲ.