ಮೂರನೇ ಕ್ಲಾಸಿನ ಬೆಳ್ಯಪ್ಪ

ಹಾಜರಿ ಕೂಗುವ ಕೆಲಸದಲ್ಲಿರುವವರು ಒಂದಲ್ಲ ಒಂದು ದಿನ ಸುಳ್ಳು ಹಾಜರಿ ಹಾಕಿಯೇ ಇರುತ್ತಾರೆ. ಟೀಚರ್ ಕೆಲಸದಲ್ಲಿ ಇಪ್ಪತ್ತೇಳು ವರ್ಷ ಹಾಕದೆ ಉಳಿದಿದ್ದ ನಾನು ಈಗ ವಾರಕ್ಕೊಂದು ಹಾಕುತ್ತಿದ್ದೇನೆ. ನೆಲ್ಯಹುದಿಕೇರಿ ಹತ್ತಿರದ ನಮ್ಮ ಶಾಲೆಗೆ ನಾಲ್ಕು ಟ್ಯಾಬ್ ಬಂದ ಮೇಲೆ ಕಲಿತ ವಿದ್ಯೆ ಇದು. ಆ ಟ್ಯಾಬಿನಲ್ಲಿ ಲೆಕ್ಕ ಕಲಿಸುವ ಒಂದು ಗಿಳಿಯಿದೆ. ಉತ್ತರ ಸರಿಯಾದರೆ ರೆಕ್ಕೆ ಬಡಿಯುತ್ತದೆ, ತಪ್ಪಾದರೆ ಟೊಂಯ್ ಎನ್ನುತ್ತದೆ. ಟೀಚರ್ ಎಂದು ಹೇಳಿಕೊಂಡು ಹೋದವರಿಗೆ ಬರೀ ವರದಿ ತೋರಿಸುತ್ತದೆ. ಪಾಠ ಬೇಕಿದ್ದರೆ ವಿದ್ಯಾರ್ಥಿಯಾಗಿ ಹೆಸರು ಸೇರಿಸಿ, ‘ನಾನು ಬಂದೆ’ ಎಂಬಲ್ಲಿ ಒತ್ತಬೇಕು.

ಇದನ್ನು ಕಂಡುಹಿಡಿದವರು ನಮ್ಮನೆಯವರು. ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರ್ ಆಗಿ ಆಳುಗಳ ಹಾಜರಿ ಬರೆದು ನಿವೃತ್ತರಾದವರು. ನನಗೆ ಟ್ಯಾಬ್ ಮುಟ್ಟಲು ಹೆದರಿಕೆ ಎಂದು ಒಂದು ಶನಿವಾರ ಶಾಲೆಗೆ ಬಂದು, ತಮ್ಮ ಹೆಸರನ್ನೇ ಮೂರನೇ ಕ್ಲಾಸಿಗೆ ಸೇರಿಸಿ, ಮಕ್ಕಳ ಮಧ್ಯೆ ಕೂತು ಆರರ ಮಗ್ಗಿಯವರೆಗೆ ಪಾಸಾದರು. “ಬೆಳ್ಯಪ್ಪ, ಗಲಾಟೆ ಮಾಡ್ಬೇಡ!” ಎಂದು ನಾನು ಗದರಿದಾಗ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ಹಾಜರಿಯ ವಿಷಯದಲ್ಲಿ ಮಾತ್ರ ಅವರಿಗೆ ತಮಾಷೆ ನಡೆಯುತ್ತಿರಲಿಲ್ಲ. ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಸಮಯದಲ್ಲಿ ತಡವಾಗಿ ಬರುವ ತಂಗಿಯ ಹೆಸರಿಗೆ ಅಕ್ಕನೇ “ಬಂದೆ” ಎಂದು ಕೂಗುವುದಿತ್ತು. ಇವರು ಪುಸ್ತಕದಿಂದ ತಲೆ ಎತ್ತದೆಯೇ, “ಈ ಸ್ವರ ಆಗ್ಲೇ ಒಂದ್ಸಲ ಬಂದಾಯ್ತಲ್ಲ. ಅರ್ಧ ದಿನ ಕಟ್” ಎನ್ನುತ್ತಿದ್ದರು.

ಆ ಶನಿವಾರ ಕಳೆದು ಮುಂದಿನ ತಿಂಗಳು ಅವರು ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದ ಮೇಲೆ ನಾನು ಶಾಲೆಗೆ ಹೋದೆ. ಊರಿಗೆಲ್ಲ ಸುದ್ದಿ ಗೊತ್ತಿತ್ತು, ಗಿಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ‘ಬೆಳ್ಯಪ್ಪ ಬಹಳ ದಿನಗಳಿಂದ ಬಂದಿಲ್ಲ. ಅವನನ್ನು ಪ್ರೋತ್ಸಾಹಿಸಿ’ ಎಂದು ಪ್ರತಿ ಸೋಮವಾರ ಕೆಂಪು ಅಕ್ಷರದಲ್ಲಿ ತೋರಿಸುತ್ತಿತ್ತು. ಹೆಸರು ತೆಗೆದುಹಾಕುವ ಬಟನ್ ಪಕ್ಕದಲ್ಲೇ ಇತ್ತು. ಒತ್ತಲು ನನ್ನಿಂದಾಗಲಿಲ್ಲ.

ಸುತ್ತಲಿನ ಶಾಲೆಗಳ ಉಸ್ತುವಾರಿಗೆ ಹೊಸದಾಗಿ ಬಂದ ಸಿ.ಆರ್.ಪಿ. ಸಾಹೇಬರು ವರದಿ ನೋಡಿ ಹುಬ್ಬು ಗಂಟಿಕ್ಕಿದರು.

“ಯಾರು ಮೇಡಂ ಈ ಬೆಳ್ಯಪ್ಪ? ಎಸ್ಟೇಟ್ ಆಳುಗಳ ಲೈನ್ ಮನೆ ಹುಡುಗನಾ?”

“ಅಲ್ಲ ಸಾರ್.”

“ಅವನ ಮನೆಗೆ ಹೋಗಿ ವಿಚಾರಿಸಿದ್ರಾ?”

“ಮನೆಗೆ ದಿನಾ ಹೋಗ್ತೀನಿ ಸಾರ್.”

“ಟಿ.ಸಿ. ತಗೊಂಡನಾ ಹೆಂಗೆ?”

“ಇಲ್ಲ ಸಾರ್. ಹೇಳದೇ ಹೋದ್ರು.”

ಅವರು ಬಹುವಚನವನ್ನು ಗಮನಿಸಲಿಲ್ಲ. “ನೋಡಿ, ನಿಮ್ಮದೊಂದೇ ಶಾಲೆ ಕೆಂಪಲ್ಲಿರೋದು. ಶುಕ್ರವಾರದೊಳಗೆ ಅವನ ಕೈಲಿ ಒಂದು ಪಾಠ ಮಾಡಿಸಿ. ಇಲ್ಲಾಂದ್ರೆ ಹೆಸರು ನಾನೇ ತೆಗೀತೀನಿ” ಎಂದು ಬೈಕ್ ಹತ್ತಿದರು.

ಶುಕ್ರವಾರ ನಾನು ಕನ್ನಡಕ ಒರೆಸಿಕೊಂಡು ಮಕ್ಕಳ ಬೆಂಚಿನಲ್ಲಿ ಕೂತೆ. ಲೈನ್ ಮನೆಯ ಶಮೀನಾ ಸರಿದು ಜಾಗ ಕೊಟ್ಟಳು. ನಾನು ‘ನಾನು ಬಂದೆ’ ಒತ್ತಿದ್ದನ್ನು ನೋಡಿಬಿಟ್ಟಳು.

“ಟೀಚರೇ, ಅದು ರೈಟರ್ ತಾತನ ಹೆಸ್ರು.”

“ಗೊತ್ತು. ಸುಮ್ನಿರು.”

“ಬೇರೆಯೋರ ಹೆಸ್ರು ಒತ್ಬಾರ್ದು ಅಂತ ನೀವೇ ಹೇಳಿದ್ದು.”

ನಾನು ಮತ್ತೆ ಕನ್ನಡಕ ಒರೆಸಿಕೊಂಡೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಬಾಗಿಲ ಕಡೆಯೊಮ್ಮೆ ನೋಡಿ, “ಬೇಗ ಮಾಡಿ ಟೀಚರೇ, ಯಾರೂ ಬರ್ತಿಲ್ಲ” ಎಂದಳು.

ಗಿಳಿ ಏಳೆಂಟು ಎಷ್ಟೆಂದು ಕೇಳಿತು. ಐವತ್ತನಾಲ್ಕು ಎಂದು ಒತ್ತಿದೆ. ಟೊಂಯ್! “ಐವತ್ತಾರು” ಎಂದು ಶಮೀನಾ ಪಿಸುಗುಟ್ಟುವಷ್ಟರಲ್ಲಿ ಇನ್ನೆರಡು ತಪ್ಪಾಗಿದ್ದವು. ‘ಬೇಸರ ಬೇಡ ಬೆಳ್ಯಪ್ಪ, ಐದರ ಮಗ್ಗಿಯಿಂದ ಮತ್ತೆ ಕಲಿಯೋಣ’ ಎಂದಿತು ಗಿಳಿ. ಆದರೂ ಹೆಸರು ಹಸಿರಾಯಿತು.

ಅವರು ಕಷ್ಟಪಟ್ಟು ದಾಟಿದ್ದ ಆರರ ಮಗ್ಗಿಯನ್ನು, ಇಷ್ಟು ವರ್ಷ ಮಗ್ಗಿಯನ್ನೇ ಕಲಿಸಿದ ಹೆಂಡತಿ ಒಂದೇ ಗಳಿಗೆಯಲ್ಲಿ ಕಳೆದುಬಿಟ್ಟಳು. ಅದನ್ನು ಸರಿಪಡಿಸುವ ನೆಪದಲ್ಲಿ ಈಗ ಪ್ರತಿ ಶುಕ್ರವಾರ ಅವರ ಹೆಸರಿಗೆ ‘ಬಂದೆ’ ಒತ್ತುತ್ತೇನೆ. ಸಿ.ಆರ್.ಪಿ. ಸಾಹೇಬರಿಗೆ ಸಂತೋಷವಾಗಿದೆ, ಗಿಳಿಗೆ ಇನ್ನೂ ಅನುಮಾನ ಬಂದಿಲ್ಲ. ನಮ್ಮನೆಯವರಿದ್ದಿದ್ದರೆ ತಲೆ ಎತ್ತದೆಯೇ ಹಿಡಿದುಬಿಡುತ್ತಿದ್ದರು. ಹೆಂಡತಿಯೆಂದು ಬಿಡುವವರೂ ಅಲ್ಲ, ಅರ್ಧ ದಿನ ಕಟ್.