ನಮ್ಮ ಆಶ್ರಮಕ್ಕೆ ಯಾವ ಕೋರ್ಸ್ ಆಗಬಹುದು?

ವೃದ್ಧಾಶ್ರಮದ ಸಿಬ್ಬಂದಿಗೆ ತರಬೇತಿ ಆರಿಸುವ ಕೆಲಸ ನನ್ನ ತಲೆಗೆ ಬಂದು ಹದಿಮೂರು ವರ್ಷವಾಯಿತು. ಅಂದುಕೊಂಡ ಹಾಗೆ ಮುಗಿದ ಕೋರ್ಸ್ ಇದುವರೆಗೆ ಒಂದೂ ಇಲ್ಲ.

ಮೊದಲು ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಮಂಡಿ ನೋವು ಶುರುವಾಯಿತು. ಕೂತು ಮಾಡುವ ಕೆಲಸ ಉಂಟು ಎಂದರು, ಈ ಟ್ರಸ್ಟಿಗೆ ಸೇರಿದೆ. ಟ್ರಸ್ಟಿಗೆ ಪರ್ಕಳ, ಕಾರ್ಕಳ, ಕಾಪುವಿನಲ್ಲಿ ಒಂದೊಂದು ಆಶ್ರಮ. ಕೂತದ್ದು ಹೌದು, ಆದರೆ ಬಸ್ಸಿನಲ್ಲಿ.

ಸಿಬ್ಬಂದಿಗೆ ವರ್ಷವೂ ಇಷ್ಟು ಗಂಟೆ ತರಬೇತಿ ಕೊಟ್ಟದ್ದಕ್ಕೆ ಕಾಗದ ಬೇಕು. ಅದಕ್ಕೆ ನಮ್ಮ ಕಾರ್ಯದರ್ಶಿಯವರು ಎಲ್ಲೆಲ್ಲಿಂದಲೋ ಬಂದ ಕೋರ್ಸಿನ ಜಾಹೀರಾತುಗಳನ್ನು ಬೆಳಿಗ್ಗೆ ಬೆಳಿಗ್ಗೆಯೇ ನನ್ನ ವಾಟ್ಸಾಪಿಗೆ ದೂಡುತ್ತಾರೆ. ಜೊತೆಗೆ ಒಂದೇ ಶಬ್ದ: "ನೋಡಿ." ಸಂಜೆಗೆ ಇನ್ನೊಂದು: "ನೋಡಿದಿರಾ?" ಅವರು ನೋಡಿರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತು.

ನಗುಮುಖದ ಸೇವೆ

ಮೊದಲು ಆರಿಸಿದ್ದು ಸವಿಮಾತಿನ ಕೋರ್ಸ್. ಹೋಟೆಲುಗಳಿಗೆ ತರಬೇತಿ ಕೊಡುವ ಒಬ್ಬರು ಪರ್ಕಳಕ್ಕೆ ಬಂದು ಎರಡು ದಿನ ಕಲಿಸಿದರು. ಕೋಣೆಗೆ ಹೋಗುವ ಮೊದಲು ಬಾಗಿಲು ತಟ್ಟಬೇಕು, ಹಲ್ಲು ಕಾಣುವಷ್ಟು ನಗಬೇಕು, "ತಮಗೆ ಏನಾದರೂ ಬೇಕಿತ್ತೇ?" ಎಂದು ಕೇಳಬೇಕು.

ನಮ್ಮ ಹೆಂಗಸರು ಶ್ರದ್ಧೆಯವರು. ಮೂರನೆಯ ದಿನ ಬೆಳಿಗ್ಗೆಯಿಂದ ಎಲ್ಲರೂ ತಟ್ಟಿದ್ದೇ ತಟ್ಟಿದ್ದು, ನಕ್ಕಿದ್ದೇ ನಕ್ಕಿದ್ದು. ನಿನ್ನೆಯವರೆಗೆ "ಏಳಿ ಅಜ್ಜಿ, ಗಂಟೆ ಎಂಟಾಯಿತು" ಎಂದು ಗದರುತ್ತಿದ್ದ ಆಯಾ ಕೂಡ ಕೈಕಟ್ಟಿ ನಿಂತು ನಗುತ್ತಿದ್ದಳು.

ಮಧ್ಯಾಹ್ನ ಮೂಲೆ ಕೋಣೆಯ ಅಜ್ಜಿ ನನ್ನನ್ನು ಕರೆಸಿದರು. ಬಾಗಿಲು ಹಾಕಿಸಿ, ನನ್ನ ಕೈ ಹಿಡಿದುಕೊಂಡರು.

"ಸಿಸ್ಟರ್, ನನಗೆ ಧೈರ್ಯ ಉಂಟು. ಮುಚ್ಚಿಡಬೇಡಿ. ಡಾಕ್ಟ್ರು ಎಷ್ಟು ದಿನ ಅಂತ ಹೇಳಿದ್ದಾರೆ?"

ಮೂವತ್ತು ಗಂಟೆಯ ಭಾಷೆ

ಕಾರ್ಕಳದ ಆಶ್ರಮಕ್ಕೆ ಜಾರ್ಖಂಡಿನಿಂದ ಒಬ್ಬಳು ನರ್ಸ್ ಬಂದಳು. ಕೆಲಸದಲ್ಲಿ ಬಂಗಾರ, ಭಾಷೆ ಮಾತ್ರ ಬಾರದು. ನಾನು ಹುಡುಕಿ ಹುಡುಕಿ ಮೂವತ್ತು ಗಂಟೆಯ ಕನ್ನಡ ಕೋರ್ಸಿಗೆ ಸೇರಿಸಿದೆ. ಪಾಪ, ಚೆಂದವಾಗಿ ಕಲಿತಳು. "ನಿಮ್ಮ ಊರು ಯಾವುದು?" ಎಂದು ಸ್ಪಷ್ಟವಾಗಿ ಕೇಳಿದಳು. ಅವಳು ನೋಡಿಕೊಳ್ಳುತ್ತಿದ್ದ ಅಜ್ಜಿಗೆ ತುಳು ಬಿಟ್ಟು ಬೇರೆ ಮಾತಾಡಲು ಮನಸ್ಸಿಲ್ಲ. ಕೊನೆಗೆ ಅಜ್ಜಿಯೇ ದಿನಾ ಸಂಜೆ ಅವಳಿಗೆ ತುಳು ಪಾಠ ಶುರು ಮಾಡಿದರು. ನನಗೂ ಒಂದು ಹೊರೆ ಇಳಿಯಿತು ಎಂದು ಸುಮ್ಮನಿದ್ದೆ.

ಒಂದು ದಿನ ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ಘಟ್ಟದ ಮೇಲಿನವರು, ತುಳು ಗೊತ್ತಿಲ್ಲ. ಅಜ್ಜಿಯ ಕೋಣೆಗೆ ಕಾಲಿಟ್ಟರು. ನಮ್ಮ ನರ್ಸ್ ಎದ್ದು ನಿಂತು, ಕೈಮುಗಿದು, ಜೇನಿನಂಥ ಸ್ವರದಲ್ಲಿ ಹೇಳಿದಳು:

"ಪಿದಾಯಿ ಪೋಲೆ."

ಅಂದರೆ, ಹೊರಗೆ ಹೋಗಿ.

ಅಧಿಕಾರಿಗಳು ಅವಳಿಗಿಂತ ಬಾಗಿ ಕೈಮುಗಿದು "ಬಹಳ ಸಂತೋಷಮ್ಮ" ಎಂದರು. ಹೋಗುವಾಗ ಪುಸ್ತಕದಲ್ಲಿ "ಸಿಬ್ಬಂದಿ ಸ್ಥಳೀಯ ಭಾಷೆಯಲ್ಲಿ ಅತಿಥಿಗಳನ್ನು ಆದರಿಸುತ್ತಾರೆ" ಎಂದು ಬರೆದು ಸಹಿ ಹಾಕಿದರು.

ಅವರ ಕಾರು ಗೇಟು ದಾಟಿದ ಮೇಲೆ ಅಜ್ಜಿಯನ್ನು ಕೇಳಿದೆ, "ಎಂತ ಅಜ್ಜಿ ಇದು? ಬಂದವರಿಗೆ ಹಾಗೆ ಹೇಳಲು ಕಲಿಸುವುದಾ?"

ಅಜ್ಜಿಗೆ ಬೇಸರವಾಯಿತು. "ನಾನು ಸುಳ್ಳು ಕಲಿಸಲಿಲ್ಲ ಮಗಳೇ. ಕೋಣೆಗೆ ಬಂದವರಿಗೆ ನಾನು ಹೇಳುವುದು ಅದನ್ನೇ ಅಲ್ವಾ?"

ಎತ್ತುವ ವಿಧಾನ

ಮಲಗಿದವರನ್ನು ಎತ್ತಿ ಎತ್ತಿ ನಮ್ಮವರಿಗೆಲ್ಲ ಸೊಂಟ ನೋವು. ಸರಿಯಾಗಿ ಎತ್ತುವುದನ್ನು ಕಲಿಸುವ ಕೋರ್ಸ್ ಸಿಕ್ಕಿತು. ಕಲಿಸಲು ಬಂದದ್ದು ತೆಳ್ಳಗಿನ ಫಿಸಿಯೋಥೆರಪಿಸ್ಟ್. "ಯಾರಾದರೂ ಒಬ್ಬರು ಹಾಸಿಗೆ ಹಿಡಿದವರು ಬೇಕು" ಎಂದರು.

ಪರ್ಕಳದಲ್ಲಿ ಅಂಥವರೆಂದರೆ ಒಬ್ಬರೇ. ಒಂದು ಕಾಲದಲ್ಲಿ ಮೀನಿನ ಬುಟ್ಟಿ ಹೊತ್ತು ಊರೂರು ನಡೆದ ಅಜ್ಜಿ. ಗಟ್ಟಿ ಆಳು. ಬಿದ್ದ ಮೇಲೆ ಎಂಟು ತಿಂಗಳಿಂದ ಮಂಚ ಬಿಟ್ಟಿಲ್ಲ. ಡಾಕ್ಟರು "ಮೂಳೆ ಕೂಡಿದೆ, ನಡೆಯಬಹುದು" ಎಂದರೂ ಅಜ್ಜಿ "ಆಗುವುದಿಲ್ಲ" ಎಂದರೆ ಆಗುವುದಿಲ್ಲ. ಇಬ್ಬರು ಹೆಂಗಸರು ಅವರಿಗಾಗಿಯೇ ಸೊಂಟಕ್ಕೆ ಬೆಲ್ಟು ಕಟ್ಟಿಕೊಳ್ಳುತ್ತಿದ್ದರು.

ಫಿಸಿಯೋ ಮಂಡಿ ಬಾಗಿಸಿ, ಬೆನ್ನು ನೇರ ಮಾಡಿ, ಅಜ್ಜಿಯನ್ನು ತಬ್ಬಿದರು. "ಒಂದು, ಎರಡು, ಮೂರು." ಅಜ್ಜಿ ಅಲ್ಲಾಡಲಿಲ್ಲ. ಎರಡನೆಯ ಸಲ ಫಿಸಿಯೋ ಅವರ ಮುಖ ಕೆಂಪಾಯಿತು. ಮೂರನೆಯ ಸಲ ಅವರ ಬಾಯಿಂದ ಯಾವ ಅಂಕಿಯೂ ಹೊರಡಲಿಲ್ಲ, ಬರೀ ಒಂದು ಕೀರಲು ಸ್ವರ.

ಅಜ್ಜಿ ಅವರ ಮುಖವನ್ನೇ ನೋಡಿದರು. "ಬಿಡು ಮಗಾ, ಬಿಡು. ನಿನ್ನ ಅಮ್ಮ ಇದನ್ನು ನೋಡಿದರೆ ಅಳುತ್ತಾಳೆ" ಎಂದು, ಅವರ ಭುಜ ಹಿಡಿದು, ತಾವೇ ಎದ್ದು ನಿಂತರು. ನಿಂತದ್ದು ಮಾತ್ರವಲ್ಲ, ಬಾಗಿಲವರೆಗೆ ನಡೆದರು.

ಬೆಲ್ಟು ಕಟ್ಟಿದ ಇಬ್ಬರಲ್ಲಿ ಒಬ್ಬಳು ಅಲ್ಲೇ ಅತ್ತುಬಿಟ್ಟಳು. ನನಗೂ ಕಣ್ಣು ತುಂಬಿತು. ಸುದ್ದಿ ಕೇಳಿದ ಕಾರ್ಯದರ್ಶಿಯವರು ತಕ್ಷಣ ಫೋನ್ ಮಾಡಿದರು:

"ಮೇಡಂ, ಆ ಕೋರ್ಸನ್ನು ಮೂರೂ ಕಡೆ ಮಾಡಿಸುವಾ. ಫಿಸಿಯೋ ಮಾತ್ರ ಅದೇ ತೆಳ್ಳಗಿನವರು ಬೇಕು."

ಕಣ್ಣು ಮುಚ್ಚಿ

ಸಿಬ್ಬಂದಿಯ ಮನಸ್ಸಿನ ಒತ್ತಡ ಕಡಿಮೆ ಮಾಡುವ ಕೋರ್ಸ್ ಇಟ್ಟದ್ದು ಅವರ ವಾರದ ರಜೆಯ ದಿನ. ಅದು ನನ್ನ ತಪ್ಪಲ್ಲ, ಹಾಲ್ ಖಾಲಿ ಇದ್ದದ್ದೇ ಅವತ್ತು. ಊಟದ ನಂತರ ತರಬೇತುದಾರರು ಮೆಲ್ಲಗೆ ಹೇಳಿದರು, "ಎಲ್ಲರೂ ಕಣ್ಣು ಮುಚ್ಚಿ. ದೀರ್ಘವಾಗಿ ಉಸಿರಾಡಿ."

ಐದು ನಿಮಿಷದಲ್ಲಿ ಗೊರಕೆ ಶುರುವಾಯಿತು. ಮೊದಲು ಅಡುಗೆಯವರು, ಮತ್ತೆ ರಾತ್ರಿ ಪಾಳಿಯವರು, ಮತ್ತೆ ಎಲ್ಲರೂ. ತರಬೇತುದಾರರು ಗಾಬರಿಯಾಗಿ ನನ್ನ ಹತ್ತಿರ ಬಂದು "ಮೇಡಂ, ಈಗ ಎಂತ ಮಾಡುವುದು?" ಎಂದು ಪಿಸುಗುಟ್ಟಿದರಂತೆ.

ಅಂತೆ ಅಂದೆ. ನಾನು ನೋಡಿದವಳಲ್ಲ.

ಕಾಪುವಿನ ಅಜ್ಜ

ಮರೆವಿನ ಕಾಯಿಲೆಯವರು ಆಶ್ರಮ ಬಿಟ್ಟು ಹೋಗದಂತೆ ನೋಡಿಕೊಳ್ಳುವುದು ಹೇಗೆ ಎಂಬ ಕೋರ್ಸನ್ನು ಮಾತ್ರ ನಾನು ನಿಜವಾಗಿ ಮನಸ್ಸಿಟ್ಟು ಆರಿಸಿದ್ದೆ. ಕಾರಣ ಕಾಪುವಿನ ಆಶ್ರಮದ ಒಬ್ಬರು ಅಜ್ಜ. ಶಾಲೆಗಳ ತನಿಖಾಧಿಕಾರಿಯಾಗಿ ನಿವೃತ್ತರಾದವರು. ನಿವೃತ್ತಿ ಆದದ್ದು ಅವರಿಗೆ ಮರೆತಿದೆ. ದಿನಾ ಬೆಳಿಗ್ಗೆ ಬಿಳಿ ಅಂಗಿ ಹಾಕಿ, ಜೇಬಿಗೆ ಪೆನ್ನು ಸಿಕ್ಕಿಸಿ, ಗೇಟಿನ ಕಡೆ ಹೊರಡುತ್ತಾರೆ. ಎರಡು ಸಲ ಹೆದ್ದಾರಿಯವರೆಗೆ ಹೋಗಿದ್ದರು. ಆ ಹೆದ್ದಾರಿಯಲ್ಲಿ ಲಾರಿಗಳಿಗೆ ಲೆಕ್ಕವಿಲ್ಲ.

ಮಂಗಳೂರಿನ ಕಡೆಯಿಂದ ಒಬ್ಬರು ಮೇಡಂ ಕಾಪುವಿನ ಆಶ್ರಮದ ಹಾಲ್‌ಗೇ ಕಲಿಸಲು ಬಂದರು. ಒಳ್ಳೆಯ ಪಾಠ. ನಾನು ಮೊದಲ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಚಹಾ ಮುಗಿಸಿ ಬಂದು, "ಒಬ್ಬರು ಕಾಣೆಯಾದರೆ ಮೊದಲ ಹದಿನೈದು ನಿಮಿಷದಲ್ಲಿ" ಎಂದು ಅವರು ಶುರು ಮಾಡಿದ್ದರಷ್ಟೆ. ಕಾವಲಿಗೆ ಬಿಟ್ಟಿದ್ದ ಆಯಾ ಮುಂದಿನ ಬಾಗಿಲಲ್ಲಿ ನಿಂತು ಕಿರುಚಿದಳು:

"ಮೇಡಂ, ಅಜ್ಜ ಇಲ್ಲ!"

ಹದಿನೆಂಟು ಜನ ಒಟ್ಟಿಗೆ ಎದ್ದೆವು. ಯಾರೂ ಹಿಂದೆ ತಿರುಗಿ ನೋಡಲಿಲ್ಲ. ನಾಲ್ವರು ಹೆದ್ದಾರಿಗೆ, ಕೆಲವರು ಬಸ್‌ಸ್ಟ್ಯಾಂಡಿಗೆ, ನಾನು ಮತ್ತು ಅಡುಗೆಯವರು ರಿಕ್ಷಾದಲ್ಲಿ ದೀಪಸ್ತಂಭದ ಕಡೆಗೆ. ಸಮುದ್ರ ಜೋರಿತ್ತು. ಮೀನುಗಾರರನ್ನು ಕೇಳಿದೆ, ಗೂಡಂಗಡಿಯವರನ್ನು ಕೇಳಿದೆ. "ಬಿಳಿ ಅಂಗಿಯ ಅಜ್ಜನಾ? ಇಲ್ಲ ಮಾರಾಯ್ರೆ." ಮರಳಲ್ಲಿ ಮಂಡಿ ಎಳೆಯುತ್ತಾ ನಡೆದೆ. ಅಜ್ಜನ ಮಗಳಿಗೆ ಫೋನ್ ಮಾಡಿ ಎಂತ ಹೇಳುವುದು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿದೆ. ಯಾವ ಮಾತೂ ಸರಿಯಾಗಲಿಲ್ಲ.

ಒಂದೂವರೆ ಗಂಟೆ ಹುಡುಕಿ, ಪೊಲೀಸರಿಗೆ ಕೊಡಲು ಅಜ್ಜನ ಫೋಟೋ ತರುವಾ ಎಂದು ಆಶ್ರಮಕ್ಕೆ ಬಂದೆ. ಹಾಲ್‌ನಿಂದ ಪಾಠ ಮಾಡುವ ಸ್ವರ ಕೇಳುತ್ತಿತ್ತು. ಇಣುಕಿದೆ.

ಮೇಡಂ ಬೋರ್ಡಿನ ಎದುರು ನಿಂತು ವಿವರಿಸುತ್ತಿದ್ದರು. ಕೊನೆಯ ಸಾಲಿನಲ್ಲಿ, ಹಿಂದಿನ ಬಾಗಿಲ ಪಕ್ಕ, ಮೇಜಿನ ಮೇಲೆ ಉಳಿದಿದ್ದ ಕೋರ್ಸಿನ ಬ್ಯಾಡ್ಜನ್ನು ಎದೆಗೆ ಸಿಕ್ಕಿಸಿ, ಕೋರ್ಸಿನ ಫೈಲನ್ನು ತೊಡೆಯ ಮೇಲೆ ಇಟ್ಟು, ಅಜ್ಜ ಒಬ್ಬರೇ ಕೂತು ಬರೆದುಕೊಳ್ಳುತ್ತಿದ್ದರು. ಚಹಾದ ಹೊತ್ತಿಗೆ ಬಂದು ಕೂತವರು.

ನಾನು ಒಳಗೆ ಹೋದೆ. ಮೇಡಂ ಸ್ವಲ್ಪ ಕೋಪದಲ್ಲೇ ಹೇಳಿದರು, "ನೀವೆಲ್ಲ ಎದ್ದು ಹೋದಿರಿ. ಈ ಹಿರಿಯ ಸಿಬ್ಬಂದಿ ಒಬ್ಬರು ಇದ್ದರಲ್ಲ ಎಂದು ನಾನು ಪಾಠ ಮುಂದುವರಿಸಿದೆ. ಪ್ರಮಾಣಪತ್ರ ಇವತ್ತು ಇವರೊಬ್ಬರಿಗೇ."

ಅಜ್ಜ ಎದ್ದು ಬಂದು, ಬರೆದ ಕಾಗದವನ್ನು ನನ್ನ ಕೈಗೆ ಕೊಟ್ಟರು. ದುಂಡಗಿನ ಅಕ್ಷರ, ಕೆಳಗೆ ಸಹಿ:

"ಶಿಕ್ಷಕಿಯ ಬೋಧನೆ ಉತ್ತಮ. ವಿದ್ಯಾರ್ಥಿಗಳಿಗೆ ಶಿಸ್ತು ಸಾಲದು. ಪಾಠದ ನಡುವೆ ಹದಿನೆಂಟು ಮಂದಿ ಓಡಿಹೋಗಿದ್ದಾರೆ. ಕೂಡಲೇ ಹುಡುಕಿಸುವುದು."