ಅತ್ತೆಯವರಿಗೆ ನಾನು ಸಮುದ್ರ ತೋರಿಸಿದ್ದು

ಮುಂಬಯಿಯಲ್ಲಿ ಹನ್ನೆರಡು ವರ್ಷ ಕಳೆದವನಿಗೆ ಸಮುದ್ರದ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಗದಗಿನಲ್ಲಿದ್ದ ಮಾವನವರಿಗೆ ಬರೆಯುವ ಪ್ರತಿ ಕಾಗದದಲ್ಲೂ ಎರಡು ಸಾಲು ಸಮುದ್ರಕ್ಕೇ ಮೀಸಲು. "ನಾವೆಲ್ಲ ಕ್ಷೇಮ. ಸಮುದ್ರದ ಗಾಳಿ ಈಚೆಗೆ ಬಹಳ ಹಿತವಾಗಿದೆ" ಎಂದು ಬರೆದ ಮೇಲೆಯೇ ಉಳಿದ ಸಮಾಚಾರ. ನಿಜ ಹೇಳಬೇಕೆಂದರೆ, ಘಾಟ್ಕೋಪರಿನ ನಮ್ಮ ಚಾಳಿಗೆ ಬರುತ್ತಿದ್ದುದು ಎದುರಿನ ಗಿರಣಿಯ ಗಾಳಿ. ನಾನು ಕೆಲಸ ಮಾಡುತ್ತಿದ್ದ ಗೋದಾಮು ಶಿವಡಿ ಬಂದರಿನ ಪಕ್ಕದಲ್ಲೇ ಇತ್ತು, ಸುಳ್ಳಲ್ಲ. ಆದರೆ ನನ್ನ ಮೇಜು ರಸ್ತೆಯ ಕಡೆಗಿತ್ತು. ಸಮುದ್ರ ನನ್ನ ಬೆನ್ನ ಹಿಂದೆ, ನಾಲ್ಕು ಗೋಡೆಗಳ ಆಚೆ ಇತ್ತು. ಅದನ್ನು ನಾನು ವಾಸನೆಯಿಂದ ಗುರುತಿಸುತ್ತಿದ್ದೆ. ಅದೂ ಒಣಮೀನಿನ ವಾಸನೆ!

ಹೀಗಿರುವಾಗ ಮಾವನವರ ಕಾಗದ ಬಂತು. ಹೆಡ್‌ಮಾಸ್ತರಿಕೆಯಿಂದ ನಿವೃತ್ತರಾಗಿದ್ದ ಅವರು ಕಾಗದವನ್ನೂ ನೋಟೀಸಿನ ಹಾಗೆಯೇ ಬರೆಯುತ್ತಿದ್ದರು. ಮಾಘದ ಭಾರತ ಹುಣ್ಣಿಮೆಗೆ ಮೂರು ದಿನದ ಮಟ್ಟಿಗೆ ಇಬ್ಬರೂ ಬರುತ್ತಿದ್ದೇವೆ, ಊರು ನೋಡುವುದು ಆದರೆ ಆಗಲಿ ಬಿಟ್ಟರೆ ಬಿಡಲಿ, ಹುಣ್ಣಿಮೆಯ ಬೆಳಗಿನ ಜಾವ ನಿಮ್ಮ ಅತ್ತೆಯವರಿಗೆ ಸಮುದ್ರಸ್ನಾನ ಮಾಡಿಸಿಕೊಡಬೇಕು, ಅದೇ ದಿನ ಸಂಜೆಯ ಗಾಡಿಗೆ ನಾವು ವಾಪಸ್.

"ಅವ್ವ ಹುಟ್ಟಿದಾಗಿಂದ ಸಮುದ್ರ ನೋಡಿಲ್ರೀ," ಎಂದಳು ನನ್ನ ಹೆಂಡತಿ ಸರೋಜಾ. "ಮನಿ, ಮಕ್ಕಳು, ಬಾಣಂತನ ಅಂತ ಅರವತ್ತು ವರ್ಷ ಮುಗದು ಹೋತು. ಒಮ್ಮೆನೂ ಏನೂ ಬೇಡಿದಾಕಿ ಅಲ್ಲ. ಇದೊಂದು ಸರಿಯಾಗಿ ಮಾಡ್ರಿ."

"ಸಮುದ್ರದ ವಿಷಯ ನನಗ ಬಿಡು!" ಎಂದೆ.

ಚೌಪಾಟಿಯಲ್ಲಿ ಜನಜಂಗುಳಿ, ಅತ್ತೆಯವರು ಸಂಕೋಚದ ಹೆಂಗಸು. ಜುಹೂ ಎಂದರೆ ಗಾಡಿ ಬದಲಿಸಿ, ಬಸ್ಸು ಹಿಡಿದು ಹೋಗಬೇಕು. ಶಿವಡಿಯಲ್ಲಾದರೆ ಬಂದರಿನ ಕಲ್ಲಿನ ಮೆಟ್ಟಿಲುಗಳಿವೆ, ಜನ ಇಲ್ಲ. ಮೇಲಾಗಿ ಅದು ಪೂರ್ವದ ದಂಡೆ. ಉಳಿದ ಮುಂಬಯಿಯವರಿಗೆಲ್ಲ ಸೂರ್ಯ ಸಮುದ್ರದಲ್ಲಿ ಮುಳುಗಿದರೆ ನಮ್ಮವರಿಗೆ ಸಮುದ್ರದಿಂದಲೇ ಹುಟ್ಟಿ ಬರುತ್ತಾನೆ. ಈ ಯೋಜನೆ ಹೊಳೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆದರೂ ನಾನು ಬೇಜವಾಬ್ದಾರಿ ಮನುಷ್ಯನಲ್ಲ. ಹುಣ್ಣಿಮೆಗೆ ಹದಿನೈದು ದಿನ ಮೊದಲು, ಅಮಾವಾಸ್ಯೆಯ ಮಧ್ಯಾಹ್ನ, ಊಟದ ಬಿಡುವಿನಲ್ಲಿ ಡಬ್ಬಿ ಹಿಡಿದು ಸ್ವತಃ ಬಂದರಿಗೆ ಹೋಗಿ ಸ್ಥಳ ಪರಿಶೀಲನೆ ನಡೆಸಿದೆ. ಸಮುದ್ರ ತುಂಬಿ ತುಳುಕುತ್ತಿತ್ತು. ಒಟ್ಟು ಹದಿನಾಲ್ಕು ಮೆಟ್ಟಿಲು ಇವೆಯೆಂದು ಅಲ್ಲಿ ನಿಂತಿದ್ದವರು ಹೇಳಿದರು, ನನಗೆ ಕಂಡದ್ದು ಮೂರೇ. ಉಳಿದವು ನೀರಿನೊಳಗೆ. ಮೂರನೆಯ ಮೆಟ್ಟಿಲ ಮೇಲೆ ಕುಳಿತು ತಂಬಿಗೆಯಿಂದ ಮೊಗೆದುಕೊಂಡರೆ ಮನೆಯ ಬಚ್ಚಲಿಗಿಂತ ಅನುಕೂಲ. ಸ್ಥಳ ಮಂಜೂರಾಯಿತು!

ನಮ್ಮ ಚಾಳಿನ ಪಕ್ಕದ ಖೋಲಿಯಲ್ಲಿ ಸಂಜೀವ ಶೆಟ್ಟರಿದ್ದರು. ಉಡುಪಿಯ ಕಡೆಯವರು, ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ಸಮುದ್ರದ ದಂಡೆಯಲ್ಲೇ ಹುಟ್ಟಿ ಬೆಳೆದವರು. ನನ್ನ ಯೋಜನೆ ಕೇಳಿ ಅವರು ತಲೆ ಕೆರೆದುಕೊಂಡರು.

"ನೀರಿನ ಹೊತ್ತು ನೋಡಿಕೊಂಡು ಹೋಗಿ ಮಾರಾಯ್ರೆ."

"ಶೆಟ್ಟರ, ನೀರಿನ ಹೊತ್ತು ನೋಡೋದು ನಮ್ಮ ಚಾಳಿನ ನಳಕ್ಕ. ಸಮುದ್ರಕ್ಕ ಎಂಥಾ ಹೊತ್ತು?" ಎಂದು ನಾನು ನಕ್ಕೆ. ಚಾಳಿನಲ್ಲಿ ನೀರು ಬರುತ್ತಿದ್ದುದು ಬೆಳಿಗ್ಗೆ ಐದರಿಂದ ಆರು. ಮಾತು ಚೆನ್ನಾಗಿ ಬಂತೆಂದು ನನಗೇ ಖುಷಿಯಾಗಿ, ಅದನ್ನು ಮಹಡಿಯ ಇನ್ನಿಬ್ಬರಿಗೂ ಹೇಳಿದೆ. ಶೆಟ್ಟರು ಇನ್ನೇನೋ ಹೇಳಲು ಬಾಯಿ ತೆರೆದಿದ್ದರು. ಆಮೇಲೆ ಹೋಟೆಲಿನ ಕೆಲಸಕ್ಕೆ ಹೊರಟುಹೋದರು.

ಅತ್ತೆ ಮಾವ ಬಂದರು. ಮೊದಲ ಎರಡು ದಿನ ಮುಂಬಯಿ ದರ್ಶನ. ಮಾವನವರು ರಾಣಿಬಾಗಿನ ಆನೆಯಿಂದ ಹಿಡಿದು ಬೋರಿಬಂದರ್ ಸ್ಟೇಷನ್ನಿನ ಗಡಿಯಾರದವರೆಗೆ ಎಲ್ಲವನ್ನೂ ಪರೀಕ್ಷೆಗೆ ಕೂತವರಂತೆ ನೋಡಿದರು. ಸಮಸ್ಯೆ ಬಂದದ್ದು ಅತ್ತೆಯವರಿಂದ. ಪರ್ವದ ದಿನ ಬಿಟ್ಟು ಬೇರೆ ದಿನ ಸಮುದ್ರವನ್ನು ಮುಟ್ಟಬಾರದೆಂದು ಹಿರಿಯರು ಹೇಳುವುದುಂಟು. ಅತ್ತೆಯವರು ಅದಕ್ಕೆ ತಮ್ಮದೂ ಒಂದು ಕಲಮು ಸೇರಿಸಿದ್ದರು: ನೋಡಲೂಬಾರದು! ಗೇಟ್‌ವೇಯಲ್ಲಿ ಎಲ್ಲರೂ ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದರೆ ಅವರೊಬ್ಬರು ಬೆನ್ನು ಮಾಡಿ ನಿಂತು ಪಾರಿವಾಳ ನೋಡಿದರು. ಡಬಲ್‌ಡೆಕ್ಕರ್ ಬಸ್ಸಿನಲ್ಲಿ ಮರೀನ್ ಡ್ರೈವ್ ಉದ್ದಕ್ಕೂ ಬಿಲ್ಡಿಂಗುಗಳನ್ನೇ ಎಣಿಸಿದರು.

ಅವರು ಅಳಿಯನ ಜೊತೆ ನೇರವಾಗಿ ಮಾತಾಡುವವರಲ್ಲ, ಎಲ್ಲವೂ ಮಗಳ ಮುಖಾಂತರ. ಹಾಗಾಗಿ ಕಾರಣವೂ ಮಗಳ ಮುಖಾಂತರವೇ ಬಂತು. "ಸರೂ, ಅವರಿಗೆ ಹೇಳ. ನೋಡಿದ್ರ ಮುಟ್ಟಬೇಕು ಅನಸ್ತದ. ಹುಣ್ಣಿಮಿ ದಿನ ಎರಡೂ ಕೂಡೇ ಆಗ್ಲಿ."

ಆ ಮಾತು ಕೇಳಿ ನನಗೆ ಕಣ್ಣು ತುಂಬಿದಂತಾಯಿತು. ಇಂಥ ಭಕ್ತಿಗೆ ತಕ್ಕ ಸಮುದ್ರವನ್ನೇ ಒದಗಿಸುತ್ತೇನೆಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ಹುಣ್ಣಿಮೆಯ ದಿನ ನಸುಕಿನಲ್ಲೇ ಲೋಕಲ್ ಹಿಡಿದೆವು. ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನಿನ ಗಾಡಿ ಹತ್ತಿ ಶಿವಡಿ. ಮಾವನವರ ಕೈಯಲ್ಲಿ ಪಂಚಾಂಗ ಮತ್ತು ಮಡಿಬಟ್ಟೆಯ ಚೀಲ, ಸರೋಜಾಳ ಕೈಯಲ್ಲಿ ಹೂವು, ಅರಿಸಿನ ಕುಂಕುಮ, ತೆಂಗಿನಕಾಯಿ, ನನ್ನ ಕೈಯಲ್ಲಿ ಹಿತ್ತಾಳೆಯ ತಂಬಿಗೆ. ಎಂಟು ವರ್ಷದ ಮಗಳು ಉಷಾ ಅಜ್ಜಿಯ ಕೈ ಹಿಡಿದಿದ್ದಳು. ಬಂದರು ಹತ್ತಿರವಾದಂತೆ ಅತ್ತೆಯವರು ಕಣ್ಣು ಮುಚ್ಚಿಕೊಂಡರು. ಮೊಮ್ಮಗಳೇ ನಡೆಸಿಕೊಂಡು ಬಂದಳು. ಮಬ್ಬು ಬೆಳಕು ಹರಿಯುತ್ತಿತ್ತು. ಮೆಟ್ಟಿಲ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. ನಾನು ಮುಂದೆ ನೋಡಲಿಲ್ಲ, ಅತ್ತೆಯವರ ಮುಖವನ್ನೇ ನೋಡುತ್ತಿದ್ದೆ. ಆ ಮುಖ ಅರಳುವುದನ್ನು ನೋಡಬೇಕಿತ್ತು ನನಗೆ.

"ಸರೋಜಾ, ನಿಮ್ಮವ್ವಗ ಕಣ್ಣು ತೆರೀಲಿಕ್ಕೆ ಹೇಳು!" ಎಂದು ಕೈಯನ್ನು ಸಮುದ್ರದತ್ತ ಚಾಚಿದೆ.

ಅತ್ತೆಯವರು ಕಣ್ಣು ತೆರೆದರು. ಮುಖ ಅರಳಲಿಲ್ಲ.

"ಬಾಬಾ," ಎಂದಳು ಉಷಾ, "ಪಾನಿ ಕಿಧರ್ ಗಯಾ?"

ನೀರೆಲ್ಲಿ ಹೋಯಿತೆಂದು ನಾನೂ ತಿರುಗಿ ನೋಡಿದೆ. ಹದಿನಾಲ್ಕು ಮೆಟ್ಟಿಲುಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು. ಅವುಗಳ ಕೆಳಗೆ ಕೆಸರು. ಕೆಸರಿನ ಆಚೆ ಮತ್ತೆ ಕೆಸರು. ದೋಣಿಗಳೆಲ್ಲ ಒಂದು ಮಗ್ಗುಲಾಗಿ ಮಲಗಿದ್ದವು. ಏಡಿಗಳು ಬೆಳಗಿನ ಸವಾರಿ ಹೊರಟಿದ್ದವು. ಬಹಳ ದೂರದಲ್ಲಿ ಒಂದು ಬೆಳ್ಳಿಯ ಗೆರೆ ಮಿನುಗುತ್ತಿತ್ತು, ಅಷ್ಟೇ.

ಮಾವನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅಲ್ರೀ ಅಳಿಯಂದ್ರ, ಸಮುದ್ರ ಎಲ್ಲಿ ಇಟ್ಟೀರಿ?"

ಮೊನ್ನೆ ಮೊನ್ನೆ ಇಲ್ಲೇ ಇತ್ತು, ನಾನೇ ನೋಡಿದ್ದೇನೆ ಎಂದೆ. ಕಳವಿನ ದೂರು ಕೊಡಲು ಬಂದವನ ಧ್ವನಿ ನನ್ನದು.

ಅತ್ತೆಯವರು ಮೆಟ್ಟಿಲ ಮೇಲೆ ಮೆಲ್ಲಗೆ ಕುಳಿತರು. "ಬಿಡ ಸರೂ," ಎಂದರು, "ನನ್ನ ಮಾರಿ ನೋಡಿ ಸಮುದ್ರನ ಹಿಂದ ಸರೀತು. ನನ್ನ ಪುಣ್ಯ ಇಷ್ಟೇ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತು ತಡೆಯಲಾಗಲಿಲ್ಲ. ತಪ್ಪು ನನ್ನದು, ಸೋಲು ಅವರ ಪುಣ್ಯದ ಲೆಕ್ಕಕ್ಕೆ! ಸ್ನಾನಕ್ಕಲ್ಲದಿದ್ದರೂ ತಲೆಯ ಮೇಲೆ ಪ್ರೋಕ್ಷಣೆಗಾದರೂ ಒಂದು ತಂಬಿಗೆ ಸಮುದ್ರ ತರಲೇಬೇಕೆಂದು ನಿರ್ಧರಿಸಿ, ಧೋತರ ಎತ್ತಿ ಕಟ್ಟಿ, ಆ ಬೆಳ್ಳಿಗೆರೆಯತ್ತ ಹೊರಟೆ. "ಏನ್ರೀ, ಬ್ಯಾಡ್ರೀ!" ಎಂದು ಸರೋಜಾ ಕೂಗಿದಳು. ನಾನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಮೊದಲ ಹೆಜ್ಜೆಗೆ ಪಾದ ಮುಳುಗಿತು. ಎರಡನೆಯದಕ್ಕೆ ಎಡಗಾಲಿನ ಚಪ್ಪಲಿ ಹೋಯಿತು. ಅದನ್ನು ಹುಡುಕಲು ಬಗ್ಗಿದಾಗ ಬಲಗಾಲಿನದೂ ಹೋಯಿತು. ಹತ್ತನೆಯ ಹೆಜ್ಜೆಯನ್ನು ನಾನು ಇಡಲೇ ಇಲ್ಲ, ಯಾಕೆಂದರೆ ಒಂಬತ್ತನೆಯದರಿಂದ ಕಾಲು ಹೊರಗೆ ಬರಲಿಲ್ಲ. ಮೊಣಕಾಲು ದಾಟಿ ತೊಡೆಯವರೆಗೆ ಇಳಿದೆ. ಕೈಯಲ್ಲಿ ತಂಬಿಗೆ ಮಾತ್ರ ಎತ್ತರದಲ್ಲಿತ್ತು.

ದಂಡೆಯಿಂದ ಅತ್ತೆಯವರ ಗಾಬರಿಯ ದನಿ ಕೇಳಿಸಿತು. "ಸರೂ, ಅವರಿಗೆ ಅಲ್ಲಾಡಬ್ಯಾಡ್ರಿ ಅಂತ ಹೇಳ!"

"ಏನ್ರೀ, ಅಲ್ಲಾಡಬ್ಯಾಡ್ರಿ ಅಂತ!"

"ಅಲ್ಲಾಡೂದಿಲ್ಲ ಅಂತ ಹೇಳು!" ಎಂದು ನಾನೂ ಕೂಗಿದೆ. ಇಂಥ ಪ್ರಸಂಗದಲ್ಲೂ ಸಂಪ್ರದಾಯ ಬಿಟ್ಟವರಲ್ಲ ನಾವು.

ಮಲಗಿದ್ದ ದೋಣಿಯೊಂದರ ಹಿಂದಿನಿಂದ ಒಬ್ಬ ಮೀನುಗಾರ ಹೆಂಗಸು ತಲೆ ಎತ್ತಿದಳು. ದಪ್ಪನೆಯ ಮೈ, ಕಚ್ಚೆ ಸೀರೆ, ತುರುಬಿನಲ್ಲಿ ಹೂವು. "ಅಹೋ ಶೇಟ್! ಕುಠೇ ಚಾಲ್ಲಾ?" ಎಂದಳು. ಎಲ್ಲಿಗೆ ಹೊರಟಿರಿ ಎಂಬುದು ಸರಿಯಾದ ಪ್ರಶ್ನೆಯೇ. ಅವಳು ಕೆಸರಿನ ಮೇಲೆ ಹಗ್ಗ ಕಟ್ಟಿದ ಒಂದು ಉದ್ದ ಹಲಗೆಯನ್ನು ನನ್ನತ್ತ ನೂಕಿ, ಅದರ ಮೇಲೆ ಹೊಟ್ಟೆ ಅಡಿಯಾಗಿ ಮಲಗಲು ಅಪ್ಪಣೆ ಮಾಡಿದಳು. ಮಲಗಿದೆ. ಅವಳೂ ಮಾವನವರೂ ಹಗ್ಗ ಹಿಡಿದು ಎಳೆದರು. ಹೀಗೆ ಒಂದು ಪ್ರತಿಷ್ಠಿತ ಕಂಪನಿಯ ಹಿರಿಯ ಗುಮಾಸ್ತನಾದ ನಾನು, ಬೆಳಗಿನ ಮೊದಲ ಕಿರಣದಲ್ಲಿ, ಮಾವನವರ ಪಾದದ ಬಳಿಗೆ ಸಾಷ್ಟಾಂಗ ನಮಸ್ಕಾರದ ಭಂಗಿಯಲ್ಲಿ ಬಂದು ಸೇರಿದೆ.

"ದೀರ್ಘಾಯುಷ್ಯಮಸ್ತು," ಎಂದರು ಮಾವನವರು.

ಆ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಗುತ್ತಾ ವಿಷಯ ತಿಳಿಸಿದಳು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಬೆಳಿಗ್ಗೆ ನೀರು ತೀರ ದೂರಕ್ಕೆ ಇಳಿಯುತ್ತದೆ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ತುಂಬಿ ಬರುತ್ತದೆ. "ಬಾರಾ ವಾಜತಾ ಪಾಣಿ ಯೇಣಾರ್!" ಇಷ್ಟೂ ಗೊತ್ತಿಲ್ಲವೇ, ಯಾವ ಊರಿನಿಂದ ಬಂದಿದ್ದೀರಿ ಎಂದು ಕೇಳಿದಳು.

"ಘಾಟ್ಕೋಪರ್," ಎಂದೆ ಸಣ್ಣ ದನಿಯಲ್ಲಿ.

ಮಾವನವರು ಪಂಚಾಂಗ ಬಿಚ್ಚಿದರು. ಹುಣ್ಣಿಮೆ ಮಧ್ಯಾಹ್ನ ಎರಡರವರೆಗೂ ಇತ್ತು. ಸೂರ್ಯೋದಯಕ್ಕೆ ಮೊದಲೇ ಸ್ನಾನವಾಗಬೇಕೆಂಬ ನಿಯಮವನ್ನು ಏನು ಮಾಡುವುದು? ಅವರು ಒಂದು ಕ್ಷಣ ಯೋಚಿಸಿ ತೀರ್ಪು ಕೊಟ್ಟರು: "ನೀರ ಬರಲಿಲ್ಲ ಅಂದ್ರ ಸ್ನಾನ ಹ್ಯಾಂಗ ಮಾಡೋದು? ಹುಣ್ಣಿಮಿ ಇದ್ದ ಅದ. ಕೂಡ್ರಿ, ಕಾಯೋಣ."

ಆರು ತಾಸು ಕಾದೆವು. ನನ್ನ ಮೈಮೇಲಿನ ರಾಡಿ ಒಣಗಿ ಬಿರುಕು ಬಿಡತೊಡಗಿತು. ಉಷಾ ಅದನ್ನು ಹಪ್ಪಳದಂತೆ ಒಂದೊಂದೇ ಚಕ್ಕೆ ಎಬ್ಬಿಸುತ್ತಾ ಕುಳಿತಳು. ಒಂಬತ್ತಕ್ಕೆ ನಮ್ಮ ಗೋದಾಮಿನ ಹಮಾಲರು ಒಬ್ಬೊಬ್ಬರಾಗಿ ಆ ದಾರಿಯಲ್ಲೇ ಬಂದರು. ನಾನು ಮುಖ ತಿರುಗಿಸಿದೆ. ಕೆಸರಿನ ಒಳಗಿನಿಂದಲೂ ನನ್ನನ್ನು ಗುರುತಿಸಿ, ಒಬ್ಬರೂ ತಪ್ಪದೆ ಸಲಾಂ ಹೊಡೆದು ಹೋದರು.

ಆದರೆ ಅತ್ತೆಯವರು ಕುಳಿತಲ್ಲಿಂದ ಕದಲಲಿಲ್ಲ. ಹತ್ತು ಗಂಟೆಯ ಸುಮಾರಿಗೆ ದೂರದ ಬೆಳ್ಳಿಗೆರೆ ದಪ್ಪವಾಯಿತು. ಆಮೇಲೆ ಕೆಸರಿನ ಸಂದುಗಳಲ್ಲಿ ನೀರು ಸದ್ದಿಲ್ಲದೆ ಹೆಜ್ಜೆ ಇಟ್ಟಿತು. ಮಗ್ಗುಲಾಗಿ ಮಲಗಿದ್ದ ದೋಣಿಗಳು ಒಂದೊಂದಾಗಿ ಅಲುಗಿ, ಎದ್ದು ನಿಂತವು. ಕೊನೆಯ ಮೆಟ್ಟಿಲು ಮುಳುಗಿತು, ಅದರ ಮೇಲಿನದು, ಮತ್ತೆ ಅದರ ಮೇಲಿನದು. ಹನ್ನೆರಡು ವರ್ಷ ಮುಂಬಯಿಯಲ್ಲಿದ್ದರೂ ಸಮುದ್ರ ಬರುವುದನ್ನು ನಾನೂ ಅಂದೇ ಮೊದಲು ನೋಡಿದ್ದು. ನನಗೆ ನಾಚಿಕೆಯೂ ಆಯಿತು, ಹೇಳಲಾಗದ ಸಂತೋಷವೂ ಆಯಿತು.

ನೀರು ತಮ್ಮ ಪಾದದ ಹತ್ತಿರ ಬಂದಾಗ ಅತ್ತೆಯವರು ಎದ್ದು ನಿಂತು ಕೈ ಮುಗಿದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಸಮುದ್ರ ನೋಡ್ಲಿಕ್ಕೆ ಎಲ್ಲಾರೂ ಹೋಗ್ತಾರ," ಎಂದರು ಮಗಳಿಗೆ. "ನನ್ನ ನೋಡ್ಲಿಕ್ಕೆ ಅದೇ ನಡಕೋತ ಬಂತಲ್ಲ ಸರೂ!"

ಆ ಮೀನುಗಾರ ಹೆಂಗಸು ಅವರ ಕೈ ಹಿಡಿದು ಇಳಿಸಿದಳು. ಅರಿಸಿನ ಕುಂಕುಮ, ಹೂವು, ಕಾಯಿ ಎಲ್ಲ ಅರ್ಪಣೆಯಾಯಿತು. ಮೂರು ಮುಳುಗು ಹಾಕಿ ಮೇಲೆ ಬಂದ ಅತ್ತೆಯವರ ಮುಖ ಚಿಕ್ಕ ಹುಡುಗಿಯ ಮುಖದಂತಿತ್ತು. ನಾನೂ ಇಳಿದೆ. ನನ್ನದು ಪುಣ್ಯಸ್ನಾನವಲ್ಲ, ಬರೀ ತೊಳೆಯುವ ಕೆಲಸ. ಸಂಜೆಯ ಗಾಡಿಗೆ ಅವರಿಬ್ಬರನ್ನೂ ಹತ್ತಿಸಿ ಬರಿಗಾಲಲ್ಲೇ ಮನೆಗೆ ಬಂದೆ.

ಅತ್ತೆಯವರು ಗದಗಿನಲ್ಲಿ ಈ ಸ್ನಾನವನ್ನು ಎಷ್ಟು ಜನರಿಗೆ ವರ್ಣಿಸಿದರೋ ತಿಳಿಯದು. ಮುಂದಿನ ವರ್ಷ ಅದೇ ಹುಣ್ಣಿಮೆಗೆ ಅವರ ತಂಗಿಯೂ ಓಣಿಯ ಇನ್ನಿಬ್ಬರು ಹೆಂಗಸರೂ ನಮ್ಮ ಮನೆಗೆ ಬಂದಿಳಿದರು. ನಾನು ಉತ್ಸಾಹದಿಂದ, ಈ ಸಲ ಎಲ್ಲವನ್ನೂ ಸರಿಯಾಗಿ ವಿವರಿಸೋಣವೆಂದು ಗಂಟಲು ಸರಿಪಡಿಸಿಕೊಂಡೆ. ಅಷ್ಟರಲ್ಲಿ ಆ ತಂಗಿ ಚೀಲದಿಂದ ಒಂದು ಚೀಟಿ ತೆಗೆದರು. ಅತ್ತೆಯವರು ಹೇಳಿ, ಮಾವನವರು ದುಂಡಗಿನ ಅಕ್ಷರದಲ್ಲಿ ಬರೆದದ್ದು. ಕುರ್ಲಾದಲ್ಲಿ ಗಾಡಿ ಬದಲಿಸಬೇಕು. ಶಿವಡಿಯಲ್ಲಿ ಇಳಿಯಬೇಕು. ಹತ್ತು ಗಂಟೆಗೇ ಹೋಗಿ ಕುಳಿತರೆ ನೀರು ಬರುವುದನ್ನು ನೋಡಬಹುದು. ಏನೇ ಸಂಶಯ ಬಂದರೂ ಅಲ್ಲಿಯ ಮೀನುಗಾರ ಹೆಂಗಸನ್ನು ಕೇಳಬೇಕು.

ಕೊನೆಯ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿತ್ತು: "ಸಮುದ್ರದ ವಿಷಯ ಅಳಿಯಂದಿರನ್ನು ಕೇಳಬಾರದು. ಚೀಲ ಹಿಡಿಯಲು ಕರೆದುಕೊಂಡು ಹೋಗಬಹುದು."

ನಾನು ಚೀಲ ಹಿಡಿದೆ.